ಕೆಂಧೂಳಿ ಗ್ರಹಕ್ಕೆ ತೆಗೆದ ಪಾಯ

ಸೂಡಿಯ ಅಬ್ದುಲಗನಿ ಗೌಂಡಿಯವರಿಗೆ ಜಗತ್ತಿನಲ್ಲಿ ಇದ್ದದ್ದು ಎರಡೇ ಜಾತಿ. ಒಂದು ಪಾಯ ತೆಗೆದು ಕಟ್ಟಿದ್ದು, ಇನ್ನೊಂದು ಪಾಯ ತೆಗೆಯದೆ ಕಟ್ಟಿದ್ದು. ಮನುಷ್ಯರನ್ನೂ ಅವರು ಈ ಎರಡರೊಳಗೇ ಹಾಕುತ್ತಿದ್ದರು. ಯಾರದೋ ಮಗ ಪರೀಕ್ಷೆಯಲ್ಲಿ ಫೇಲಾದ ಅಂದರೆ "ಪಾಯ ಸಣ್ಣದಾತು" ಅನ್ನುವರು. ಮದುವೆಯಾದ ಮೂರು ತಿಂಗಳಿಗೆ ಗಂಡ ಹೆಂಡತಿ ಬೇರೆಯಾದರೂ ಅದೇ ಮಾತು. ಒಮ್ಮೆ ನೆಗಡಿಯಾದವನಿಗೂ ಹಾಗೇ ಅಂದರಂತೆ. ಇದು ನಿಜವೋ ಸುಳ್ಳೋ, ಊರಿನವರು ಮಾತ್ರ ಅದನ್ನು ಬಿಡದೆ ಹೇಳುತ್ತಾರೆ.

ಇದರಲ್ಲಿ ಅವರ ತಪ್ಪೇನೂ ಇಲ್ಲ. ಆ ಸೀಮೆಯ ಎರೆಮಣ್ಣಿನ ಗುಣವೇ ಅಂಥದ್ದು. ಬೇಸಿಗೆಯಲ್ಲಿ ಆಡಿನ ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿ ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಕೂರುತ್ತದೆ. ಅದರ ಮೇಲೆ ಅವಸರದಿಂದ ಗೋಡೆ ಎಬ್ಬಿಸಿದವನ ಮನೆಗೆ ಎರಡನೆಯ ವರ್ಷವೇ ಬಿರುಕು ಬರುತ್ತದೆ. ಎರೆ ದಾಟಿ ಗಟ್ಟಿ ಗರಸು ಸಿಗುವ ತನಕ ಅಗೆಯಬೇಕು, ಕಲ್ಲು ಆಮೇಲೆ. ಮೂವತ್ತು ವರ್ಷದ ಗೌಂಡಿ ಕೆಲಸದಲ್ಲಿ ಗನಿಸಾಬರು ಈ ಒಂದು ನೇಮವನ್ನು ಬಿಡಲಿಲ್ಲ. ರೋಣ, ನರಗುಂದ, ಗಜೇಂದ್ರಗಡ, ಮೂರೂ ಊರಲ್ಲಿ ಅವರ ಗೋಡೆಗಳಿವೆ. ಮೂರೂ ಊರಲ್ಲಿ ಅವರ ಮೇಲೆ ಸಿಟ್ಟಾಗಿರುವ ಮಾಲಕರೂ ಇದ್ದಾರೆ. "ಮನಿ ಕಟ್ಟು ಅಂದ್ರ ಈ ಗನಿಸಾಬ ಬಾಂವಿ ತೋಡತಾನ" ಎಂದು ಬೈಯುತ್ತಲೇ ಕೂಲಿ ಕೊಟ್ಟವರು ಅವರು. ಬೈದವರ ಮನೆಗಳು ಈಗಲೂ ನೆಟ್ಟಗೆ ನಿಂತಿವೆ ಅನ್ನುವುದನ್ನು ಗನಿಸಾಬರು ಯಾರೂ ಕೇಳದಿದ್ದರೂ ಹೇಳುತ್ತಿದ್ದರು.

ಎರಡು ಸಾವಿರದ ಏಳರಲ್ಲಿ ಗಜೇಂದ್ರಗಡದ ಒಂದು ಮನೆಯ ಎರಡನೇ ಅಂತಸ್ತಿಗೆ ಕಟ್ಟಿದ್ದ ಬೊಂಬಿನ ಅಟ್ಟಣಿಗೆ ಜಾರಿ ಅವರು ಕೆಳಗೆ ಬಿದ್ದರು. ಗದಗಿನ ದವಾಖಾನೆಯಲ್ಲಿ ಎಡಗಾಲಿಗೆ ಸರಳು ಹಾಕಿದರು. ಕಾಲು ಕೂಡಿತು, ಆದರೆ ಎರಡು ಬೆರಳಷ್ಟು ಗಿಡ್ಡವಾಗಿ ಕೂಡಿತು. ಏಣಿ ಹತ್ತುವುದು ಅಲ್ಲಿಗೆ ಮುಗಿಯಿತು. ಅವರ ಕೈಕೆಳಗೆ ಹನ್ನೆರಡು ವರ್ಷ ಬುಟ್ಟಿ ಹೊತ್ತು, ಆಮೇಲೆ ಕರಣಿ ಹಿಡಿಯುವುದನ್ನು ಕಲಿತ ದುರಗಪ್ಪನಿಗೆ ಕೆಲಸಗಳೆಲ್ಲ ಹೋದವು. ದುರಗಪ್ಪ ಮೊದಮೊದಲು ಬಂದು ಮಾತಾಡಿಸುತ್ತಿದ್ದ. ಗನಿಸಾಬರು ಮುಖ ತಿರುಗಿಸಿ ಕೂತರು. ಅವನೂ ಬರುವುದನ್ನು ಬಿಟ್ಟ.

ಆಮೇಲೆ ಅವರು ಮಾಡಿದ ಕೆಲಸ ಅಂದರೆ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಎದುರಿನ ಗೋಡೆಯನ್ನು ಬೈಯುವುದು. ಆ ಗೋಡೆ ಅರ್ಧ ಬೆರಳು ವಾಲಿತ್ತು. ಹೆಂಡತಿ ಸಾಬೀರಾಳಿಗೆ ಸಾಕುಬೇಕಾಯಿತು. ಮನೆಯೊಳಗೆ ಅವರ ಮಾತು ಉರ್ದು, ಜಗಳ ಮಾತ್ರ ಕನ್ನಡ. ಓಣಿಯವರಿಗೂ ನ್ಯಾಯ ತಿಳಿಯಲಿ ಎಂದು ಸಾಬೀರಾ ಮಾಡಿಕೊಂಡ ಏರ್ಪಾಡು ಅದು.

"ಆ ಗ್ವಾಡಿ ನಿಮಗೇನ ಮಾಡೇತ್ರಿ? ಅದರ ಪಾಡಿಗೆ ಅದು ನಿಂತೈತಿ."

"ನಿಂತೈತೇನ? ಬೀಳಾಕ ಹತ್ತೇತಿ. ಹತ್ತ ವರ್ಷ ಹಿಡೀತೈತಿ, ಅಷ್ಟ."

ಹೊರಗೆ ಹೀಗೆ ಜೋರು ಮಾಡಿದರೂ ಒಳಗೆ ಗನಿಸಾಬರಿಗೆ ಹೆದರಿಕೆಯಾಗಿತ್ತು. ತಾನು ಗೌಂಡಿಯೋ, ಇಲ್ಲಾ ಗೌಂಡಿಯಾಗಿದ್ದವನೋ? ಈ ಪ್ರಶ್ನೆಯನ್ನು ಅವರು ಯಾರಿಗೂ ಕೇಳಲಿಲ್ಲ. ಯಾರಾದರೂ ನಿಜವಾದ ಉತ್ತರ ಕೊಟ್ಟುಬಿಟ್ಟರೆ ಎಂಬ ಅಂಜಿಕೆ.

ಮರುವರ್ಷ, ನಮ್ಮ ದೇಶದವರು ಚಂದ್ರನ ಕಡೆಗೆ ಯಂತ್ರ ಹಾರಿಸಿದ ವರ್ಷದ ಡಿಸೆಂಬರಿನಲ್ಲಿ, ಊರ ಸಾಲೆಯ ವಿಜ್ಞಾನದ ಟೀಚರು ಮಾಲಾ ಗನಿಸಾಬರ ಕಟ್ಟೆಗೆ ಬಂದರು. ಎಂಟನೇ ತರಗತಿಯ ಮಕ್ಕಳು ಒಂದು ಗ್ರಹವನ್ನೇ ಹುಟ್ಟಿಸಿಬಿಟ್ಟಿದ್ದರು. ಅದರ ಹೆಸರು ಕೆಂಧೂಳಿ. ಅದಕ್ಕೆ ಎರಡು ಸೂರ್ಯ, ಮೂರು ಚಂದ್ರ. ಅಲ್ಲಿಗೆ ಭೂಮಿಯಿಂದ ಗಗನನೌಕೆಗಳು ಹೋಗಿಬಂದು ಮಾಡಬೇಕು, ಅದಕ್ಕೊಂದು ನಿಲ್ದಾಣ ಬೇಕು. ರೋಣದಲ್ಲಿ ತಾಲೂಕಿನ ವಿಜ್ಞಾನ ಪ್ರದರ್ಶನವಿತ್ತು, ಅಲ್ಲಿ ಈ ನಿಲ್ದಾಣದ ಮಾದರಿಯನ್ನು ತೋರಿಸುವ ಆಸೆ.

"ಹೋದ ವರ್ಷ ಥರ್ಮಾಕೋಲಿನಾಗ ಮಾಡಿದ್ವಿ ಕಾಕಾ. ಬಸ್ಸಿನಾಗ ಒಬ್ಬಾಕಿ ಅದರ ಮ್ಯಾಲ ಕುಂತಬಿಟ್ಲು," ಎಂದರು ಟೀಚರು. "ಈ ಸಲ ಗಟ್ಟಿ ಇರಬೇಕ್ರಿ. ಅದಕ್ಕ ನಿಮ್ಮ ಕಡೆ ಬಂದೇನಿ."

ಗಟ್ಟಿ ಇರಬೇಕು. ಇಷ್ಟೇ ಮಾತು. ಮುಂದಿನದೆಲ್ಲ ಆದದ್ದು ಈ ಒಂದು ಮಾತಿನಿಂದ, ಆದ್ದರಿಂದ ಓದುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಗನಿಸಾಬರು ಗಡ್ಡ ಕೆರೆದುಕೊಂಡರು. "ರಾಕೆಟ್ ಸ್ಟ್ಯಾಂಡ್ ಅನ್ರಿ ಹಂಗಾರ. ಅಲ್ಲಿ ನೆಲಾ ಎಂಥಾದ್ರಿ ಟೀಚರ್ರ? ಎರಿನೋ, ಮಸಾರಿನೋ?"

ಟೀಚರು ತಬ್ಬಿಬ್ಬಾದರು. ಕೆಂಧೂಳಿಯ ವಾತಾವರಣ ಗೊತ್ತಿತ್ತು, ಅದರ ಒಂದು ದಿನಕ್ಕೆ ಎಷ್ಟು ತಾಸು ಅನ್ನುವುದು ಗೊತ್ತಿತ್ತು. ಆದರೆ ಅಲ್ಲಿಯ ನೆಲ ಕಪ್ಪೋ ಕೆಂಪೋ ಎಂದು ಯಾರೂ ಕೇಳಿರಲಿಲ್ಲ. "ಕೇಳಿ ಹೇಳ್ತೀನ್ರಿ" ಎಂದರು. ಯಾರನ್ನು ಕೇಳುವುದೋ ದೇವರಿಗೇ ಗೊತ್ತು.

"ಎರಡ ಸೂರ್ಯಾ ಅಂತೀರಿ. ಹಂಗಾರ ಮಧ್ಯಾಹ್ನದಾಗ ನೆಳ್ಳ ಯಾ ಕಡೆ ಬೀಳತೈತ್ರಿ? ಕಟ್ಟಿ ಯಾ ಮಕ ಇಡೂದು?"

ಇದನ್ನೂ ಟೀಚರು ಬರೆದುಕೊಂಡರು. ಆಮೇಲೆ ತಮಗೆ ಗೊತ್ತಿದ್ದ ಒಂದನ್ನಾದರೂ ಹೇಳೋಣ ಎಂದು, ಕೆಂಧೂಳಿಯಲ್ಲಿ ಎಲ್ಲದರ ಭಾರ ಇಲ್ಲಿಯ ಅರ್ಧ ಎಂದರು. ಒಂದು ಚೀಲ ಸಿಮೆಂಟು ಅಲ್ಲಿ ಅರ್ಧ ಚೀಲದಷ್ಟೇ ಹಗುರ. ಎತ್ತರದಿಂದ ಜಿಗಿದರೂ ನಿಧಾನವಾಗಿ ಇಳಿಯುತ್ತಾರೆ.

ಗನಿಸಾಬರು ತಮ್ಮ ಎಡಗಾಲನ್ನು ನೋಡಿಕೊಂಡರು.

"ಅಂದ್ರ ಅಲ್ಲಿ ಅಟ್ಟಣಿಗಿ ಮ್ಯಾಲಿಂದ ಬಿದ್ರ ಕಾಲು ಮುರಿಯಂಗಿಲ್ಲನ್ರಿ?"

"ಅಷ್ಟ ಸುಲಭ ಮುರಿಯಂಗಿಲ್ಲ ಕಾಕಾ."

"ಚಲೋ ಊರ ಅದು," ಎಂದರು ಗನಿಸಾಬರು. ಕೆಲಸ ಒಪ್ಪಿಕೊಂಡದ್ದು ಆ ಗಳಿಗೆಯಲ್ಲಿ.

ನಕ್ಷೆಗೆ ಎಂಟು ದಿನ ಹಿಡಿಯಿತು. ಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಬರೆಯುವುದು, ಅಳಿಸುವುದು. ಪಾಠಕ್ಕೆ ತೂಕಡಿಸುತ್ತಿದ್ದ ಎಂಟನೇ ತರಗತಿ ಈಗ ನೆರಳು ಯಾವ ಕಡೆ ಬೀಳುತ್ತದೆಂದು ಜಗಳಾಡುತ್ತಿತ್ತು. ಕೊನೆಗೆ, ಹೆಸರು ಕೆಂಧೂಳಿಯಾದರೂ ಗ್ರಹಕ್ಕೆ ಎರೆಮಣ್ಣೇ ಇರಲಿ ಎಂದು ತೀರ್ಮಾನವಾಯಿತು, ಯಾಕೆಂದರೆ ಮಕ್ಕಳು ಬೇರೆ ಮಣ್ಣು ನೋಡಿದ್ದೇ ಕಡಿಮೆ. ನೌಕೆ ಇಳಿಯುವ ಅಂಕಣ, ಎಣ್ಣೆ ತುಂಬುವ ಜಾಗ, ಕಾವಲು ಗೋಪುರ, ಇಷ್ಟನ್ನು ಟೀಚರು ಪುಸ್ತಕ ನೋಡಿ ಹೇಳಿದರು. ನೌಕೆಯಲ್ಲಿ ನಾಲ್ಕು ಮಂದಿಗೆ ಜಾಗ ಎಂದೂ ಹೇಳಿದರು.

"ನಾಕ ಮಂದಿ ಹೋಗೂದಂದ್ರ ಕಳಸಾಕ ಎಷ್ಟ ಮಂದಿ ಬರ್ತಾರ?" ಎಂದರು ಗನಿಸಾಬರು.

ಈ ಲೆಕ್ಕ ಯಾವ ಪುಸ್ತಕದಲ್ಲೂ ಇರಲಿಲ್ಲ. ಸಾಬೀರಾಳ ಅಣ್ಣ ಹಜ್ ಯಾತ್ರೆಗೆ ಹೊರಟಾಗ ಕಳಿಸಲು ಸೂಡಿಯಿಂದ ಗದಗ ಸ್ಟೇಶನ್ನಿಗೆ ಎರಡು ಟೆಂಪೋ ಹೋಗಿದ್ದವು, ಅರವತ್ತು ಜನ. ಅರ್ಧ ಮಂದಿ ಓಣಿಯ ಲಿಂಗಾಯತರು, ಕುರುಬರು. ಹೋದವನು ಒಬ್ಬನೇ. ನರಗುಂದದ ಗಂಡನ ಮನೆಗೆ ಮಗಳನ್ನು ಬಾಣಂತನ ಮುಗಿಸಿ ಕಳಿಸುವಾಗಲೂ ಬಸ್‌ಸ್ಟ್ಯಾಂಡಿಗೆ ಹದಿನೈದು ಮಂದಿ ಹೋಗದಿದ್ದರೆ ಮರ್ಯಾದೆಯ ಪ್ರಶ್ನೆ. ಹಾಗಿರುವಾಗ ಬೇರೆ ಗ್ರಹಕ್ಕೆ ಹೋಗುವವರನ್ನು ಸುಮ್ಮನೆ ಕೈ ಬೀಸಿ ಕಳಿಸಲಾದೀತೇ? ತಲೆಗೆ ಅರವತ್ತರಂತೆ ಇನ್ನೂರ ನಲವತ್ತು ಮಂದಿಗೆ ಕಟ್ಟೆ ಬೇಕು, ಕುಡಿಯುವ ನೀರು ಬೇಕು, ನಮಾಜಿಗೆ ಒಂದು ಮೂಲೆ ಬೇಕು, ಊರದೇವತೆ ದ್ಯಾಮವ್ವನಿಗೆ ಕಾಯಿ ಒಡೆಯಲು ಒಂದು ಕಲ್ಲು ಬೇಕು. ನಕ್ಷೆ ಮುಗಿದಾಗ ನೌಕೆ ಇಳಿಯುವ ಜಾಗ ಒಂದು ತಾಟಿನಷ್ಟು, ಕಳಿಸಲು ಬಂದವರ ಕಟ್ಟೆ ಒಂದು ಹಾಸಿಗೆಯಷ್ಟು ಆಗಿತ್ತು. ಟೀಚರು ನಕ್ಕರು. ಆದರೆ ಒಂದು ಗೆರೆಯನ್ನೂ ಅಳಿಸದೆ ಹಾಳೆಗೆ ಇಳಿಸಿಕೊಂಡರು.

ಕಟ್ಟುವ ವಾರಕ್ಕೆ ಸರಿಯಾಗಿ ಮಾಲಾ ಟೀಚರಿಗೆ ಮತದಾರರ ಪಟ್ಟಿಯ ಕೆಲಸ ಬಂತು. ಮನೆ ಮನೆ ತಿರುಗಬೇಕು. "ಕಾಕಾ, ನಿಮ್ಮ ಮ್ಯಾಲ ಬಿಟ್ಟೇನ್ರಿ" ಎಂದು ಅವರು ಹೋದರು. ಗನಿಸಾಬರು ಸಾಲೆಯ ಹಿಂದಿನ ಬೇವಿನ ಮರದ ಹತ್ತಿರ ಒಂದು ಮಣೆ ಹಾಕಿಕೊಂಡು ಕೂತರು. ಕಂಪೌಂಡಿಗೆ ತಂದು ಉಳಿದಿದ್ದ ಕಲ್ಲಿತ್ತು, ಉಸುಕಿತ್ತು. ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಕೆಲಸ. ಏಣಿ ಬೇಕಿಲ್ಲ, ಕೂತಲ್ಲೇ ಕೈ ಆಡುತ್ತದೆ. ಕರಣಿ ಕೈಗೆ ಬಂದದ್ದೇ ತಡ, ಎರಡು ವರ್ಷದ ಸಿಡುಕು ಎಲ್ಲಿ ಹೋಯಿತೋ. ಸಂಜೆ ಮೈತುಂಬ ಧೂಳು ಮಾಡಿಕೊಂಡು ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ತಿನ್ನುವರು. "ಬ್ಯಾರೆ ಗ್ರಹದಾಗ ಊಟ ಹಾಕೂದಿಲ್ಲೇನ್ರಿ?" ಎಂದು ಸಾಬೀರಾ ಕೇಳುವಳು. ಗೊಣಗುತ್ತಲೇ ಮೂರನೆಯದನ್ನೂ ಹಾಕುವಳು. ಅವಳಿಗೆ ಸಂತೋಷವಾಗಿತ್ತು.

ಶುಕ್ರವಾರ ಬೆಳಿಗ್ಗೆ ಓಣಿಯ ಹುಡುಗ ದ್ಯಾಮೇಶ ಟ್ರ್ಯಾಕ್ಟರು ತಂದ. ಮರುದಿನ ಪ್ರದರ್ಶನ, ಇಂದೇ ಮಾದರಿ ರೋಣಕ್ಕೆ ಮುಟ್ಟಬೇಕು. ಪಟ್ಟಿಯ ಕೆಲಸ ಮುಗಿಸಿದ ಟೀಚರೂ ಬಂದರು. ನಿಲ್ದಾಣವನ್ನು ನೋಡಿ ಅವರ ಕಣ್ಣು ಅರಳಿತು. ಅಂಕಣಕ್ಕೆ ನಯವಾದ ಸಿಮೆಂಟಿನ ಗಿಲಾಯಿ, ಗೋಪುರಕ್ಕೆ ಬೆರಳು ತೂರುವ ಕಿಟಕಿಗಳು, ಕಟ್ಟೆಗೆ ಮೂರು ಮೆಟ್ಟಿಲು.

"ಹಿಡೀರಿ, ಟ್ರಾಲಿಗೆ ಹಾಕೂಣು," ಎಂದ ದ್ಯಾಮೇಶ. ಸುತ್ತಲೂ ಒಂದು ಸುತ್ತು ಬಂದ. ಕೆಳಗೆ ಬಗ್ಗಿ ನೋಡಿದ. "ಯಾ ಕಡೆ ಹಿಡೀಬೇಕ್ರಿ ಕಾಕಾ ಇದನ್ನ?"

"ಹಿಡಿಯೂದ್ಯಾಕ?" ಎಂದರು ಗನಿಸಾಬರು.

"ಒಯ್ಯಬೇಕಲ್ರಿ, ರೋಣಕ್ಕ."

"ಹ್ಯಾಂಗ ಒಯ್ತೀಯೋ? ಪಾಯ ತಗದ ಕಟ್ಟೇನಿ. ಮೂರೂವರಿ ಫೂಟ. ಗರಸ ಹತ್ತೂತನಾ ತಗದೇನಿ."

ಪಿಟಿ ಪಿರಿಯಡ್ಡಿನಲ್ಲಿ ಖುಷಿಯಿಂದ ಪಾಯ ಅಗೆದಿದ್ದ ಎಂಟನೇ ತರಗತಿ ಒಟ್ಟಿಗೆ ನೆಲ ನೋಡತೊಡಗಿತು. ಮಾಲಾ ಟೀಚರ ಮುಖದಿಂದ ನಗು ಇಳಿದುಹೋದದ್ದನ್ನು ಗನಿಸಾಬರು ಕಂಡರು, ಕಂಡಾಗಲೇ ಅವರಿಗೆ ತಾವು ಮಾಡಿದ್ದು ಏನೆಂದು ತಿಳಿಯಿತು. ಅಂಗಳದಲ್ಲಿ ಇಟ್ಟು ತೋರಿಸಿ, ಎತ್ತಿಕೊಂಡು ಹೋಗುವ ವಸ್ತುವನ್ನು ಅವರು ನೂರು ವರ್ಷ ಬಾಳುವಂತೆ ನೆಲಕ್ಕೆ ಹೂಡಿಬಿಟ್ಟಿದ್ದರು. ಕಲ್ಲಿನ ಮೇಲೆ ಕಲ್ಲು ಇಡುವ ಮೊದಲು ಅಗೆಯಬೇಕೋ ಬೇಡವೋ ಎಂದು ಯೋಚಿಸಲು ಅವರ ಕೈಗೆ ಗೊತ್ತೇ ಇರಲಿಲ್ಲ.

"ಗಟ್ಟಿ ಇರಬೇಕು ಅಂದಿದ್ರೆಲ್ರಿ ಟೀಚರ್ರ," ಎಂದರು. ದನಿ ಸಣ್ಣಗಿತ್ತು.

"ಹೌದ್ರಿ ಕಾಕಾ. ಅಂದಿದ್ದೆ," ಎಂದರು ಆ ಪುಣ್ಯಾತ್ಗಿತ್ತಿ.

ಟೀಚರೂ ಮಕ್ಕಳೂ ನಕ್ಷೆಯ ಹಾಳೆಯನ್ನಷ್ಟೇ ಸುರುಳಿ ಸುತ್ತಿಕೊಂಡು ಬಸ್ಸಿನಲ್ಲಿ ರೋಣಕ್ಕೆ ಹೋದರು. ಮಾದರಿ ಎಲ್ಲಿ ಎಂದು ತೀರ್ಪುಗಾರರು ಕೇಳಿದರು. ಸೂಡಿಯಲ್ಲಿದೆ ಎಂದಾಯಿತು. ಯಾಕೆ ತರಲಿಲ್ಲ ಎಂದು ಕೇಳಿದರು. "ಪಾಯ ತಗದಾರ್ರಿ" ಎಂದಳು ಒಬ್ಬ ಹುಡುಗಿ. ಆ ಸಭಾಂಗಣ ನಕ್ಕ ನಗು ಸಂಜೆಯ ಬಸ್ಸಿನಲ್ಲಿ ಸೂಡಿಗೆ ಬಂದಿಳಿಯಿತು. ಬಹುಮಾನ ಬರಲಿಲ್ಲ.

ಊರಿಗೆ ಮೂರು ತಿಂಗಳಿಗೆ ಸಾಲುವಷ್ಟು ಮಾತು ಸಿಕ್ಕಿತು. "ಗನಿಸಾಬ್ರ, ಕೆಂಧೂಳಿಗೆ ಕಡೀ ಬಸ್ಸ ಎಷ್ಟಕ್ಕ?" ಎಂದು ಚಹಾದಂಗಡಿಯಿಂದ ಕೂಗುವರು. ಗಜೇಂದ್ರಗಡದ ಬಸ್ಸು ತಪ್ಪಿದವರು "ಇರ್ಲಿ, ರಾಕೆಟ್‌ನಾಗ ಹೋಗ್ತೀನಿ" ಅನ್ನುವರು. ಬೇರೆಯವರನ್ನು ಜೀವನವಿಡೀ ಹಂಗಿಸಿದ ಮನುಷ್ಯ ಈಗ ಒಂದು ಗೇಲಿಯ ಮಾತನ್ನೂ ತಡೆದುಕೊಳ್ಳಲಾರದೆ ಹೋದರು. ಊರವರಿಗೆ ಅದು ನಗೆ. ಅವರಿಗೆ ಮಾತ್ರ ತಾವು ಕೇಳದೆ ಇಟ್ಟುಕೊಂಡಿದ್ದ ಪ್ರಶ್ನೆಗೆ ಊರು ಕೊಟ್ಟ ಉತ್ತರ. ಗೌಂಡಿತನ ಮುಗಿಯಿತು, ಮುಗಿದದ್ದೂ ಒಂದು ಗೇಲಿಯಾಗಿ ಮುಗಿಯಿತು. ಅವರು ಕಟ್ಟೆಗೆ ಬರುವುದನ್ನೂ ಬಿಟ್ಟು ಒಳಗಿನ ಪಡಸಾಲೆಯಲ್ಲಿ ಕೂತರು. ಎದುರಿನ ಗೋಡೆಯನ್ನು ಬೈಯುವವರೂ ಇಲ್ಲದಂತಾಯಿತು. ಸಾಬೀರಾ ಜಗಳಕ್ಕೆ ಕರೆದು ನೋಡಿದಳು, ಅದಕ್ಕೂ ಬರಲಿಲ್ಲ.

ಏಪ್ರಿಲಿನಲ್ಲಿ ಸಾಲೆಗೆ ಹೊಸದೊಂದು ಕೋಣೆ ಮಂಜೂರಾಯಿತು. ಜಾಗ ಬೇವಿನ ಮರದ ಹತ್ತಿರದ್ದೇ. ಕಟ್ಟುವ ಕೆಲಸ ದುರಗಪ್ಪನದು, ಮೊದಲು ರಾಕೆಟ್ ಸ್ಟ್ಯಾಂಡು ಒಡೆದು ನೆಲ ಹಸನು ಮಾಡಬೇಕು. ಸುದ್ದಿ ತಂದವಳು ಸಾಬೀರಾಳೇ.

"ನೀವು ಹೋಗಬ್ಯಾಡ್ರಿ. ಕಣ್ಣಿಂದ ನೋಡೂದ್ಯಾಕ?"

ಗನಿಸಾಬರು ಕೋಲು ಹಿಡಿದು ಹೊರಟೇಬಿಟ್ಟರು.

ದುರಗಪ್ಪ ಅವರನ್ನು ಕಂಡು ಕೈಯಲ್ಲಿದ್ದ ಕಬ್ಬಿಣದ ಹಾರಿಯನ್ನು ಬೆನ್ನ ಹಿಂದೆ ಸರಿಸಿದ. ಆರು ಅಡಿ ಹಾರಿ ಎಲ್ಲಿ ಅಡಗಬೇಕು. "ಮ್ಯಾಲಿನವರು ಹೇಳ್ಯಾರ್ರಿ ಉಸ್ತಾದ್ರ. ನನ್ನ ಕೈಯಾಗ ಏನಿಲ್ಲ" ಎಂದ. ಗನಿಸಾಬರು ಬೇವಿನ ಬೇರಿನ ಮೇಲೆ ಕೂತರು.

ಮೊದಲನೆಯ ಏಟಿಗೆ ಹಾರಿ ಠಣ್ ಎಂದು ಹಿಂದಕ್ಕೆ ಬಂತು. ಎರಡನೆಯದಕ್ಕೂ ಅಷ್ಟೇ. ಹತ್ತನೆಯ ಏಟಿಗೆ ಗೋಪುರದ ತಲೆ ಹಾರಿತು, ಬುಡ ಅಲ್ಲಾಡಲಿಲ್ಲ. ಇಬ್ಬರು ಕೂಲಿಯವರು ಬಂದರು, ಸುತ್ತಿಗೆ ಬಂತು. ಕಟ್ಟೆಯ ಒಂದು ಕಲ್ಲೂ ಜಾಗ ಬಿಡಲಿಲ್ಲ. ಗನಿಸಾಬರು ಮುಖವನ್ನು ಬಲು ಗಂಭೀರವಾಗಿ ಇಟ್ಟುಕೊಂಡಿದ್ದರು. ಆದರೆ ಪ್ರತಿ ಠಣ್‌ಗೂ ಗಡ್ಡದೊಳಗೆ ಏನೋ ಅಲುಗುತ್ತಿತ್ತು. ತಮ್ಮ ಕೆಲಸವನ್ನು ಒಡೆಯುವುದನ್ನು ನೋಡಲು ಬಂದು ಇಷ್ಟು ಸಂತೋಷಪಟ್ಟ ಮನುಷ್ಯ ಆ ಸೀಮೆಯಲ್ಲಿ ಇನ್ನೊಬ್ಬ ಸಿಗಲಾರ.

ಬಿಸಿಲು ನೆತ್ತಿಗೆ ಬಂದಾಗ ಅವರಿಗೆ ತಡೆಯಲಾಗಲಿಲ್ಲ. "ಲೇ ದುರಗ್ಯಾ, ಅಲ್ಲಿ ಯಾಕ ಹಾಕ್ತೀಯೋ? ಅಲ್ಲಿ ಅಡ್ಡಗಲ್ಲ ಐತಿ, ಸಂಜೀತನಾ ಹಾಕಿದ್ರೂ ಬರಂಗಿಲ್ಲ. ಬಡಗ ಮೂಲಿ ಹಿಡಿ."

ದುರಗಪ್ಪ ಹೇಳಿದಂತೆ ಬಡಗಣ ಮೂಲೆಯಲ್ಲಿ ಮಣ್ಣು ತೆಗೆಸಿ ಒಳಗೆ ಇಳಿದ. ಮೊಣಕಾಲು ಮುಳುಗಿತು, ತೊಡೆ ಮುಳುಗಿತು. ಕಲ್ಲು ಕಲ್ಲಿಗೆ ಕಚ್ಚಿ ಕೆಳಗಿನ ತನಕ ಹೋಗಿತ್ತು. ಅವನು ಅಲ್ಲೇ ಗುಂಡಿಯಲ್ಲಿ ನಿಂತು ಆ ಕಲ್ಲುಗಳ ಮೇಲೆ ಅಂಗೈ ಆಡಿಸಿದ. ಆಮೇಲೆ ಕೂಲಿಯವರನ್ನು ನೀರು ಕುಡಿಯಲು ಕಳಿಸಿ, ಮೇಲೆ ಬಂದು ಗನಿಸಾಬರ ಎದುರಿಗೆ ನೆಲದ ಮೇಲೆ ಕೂತ.

"ಉಸ್ತಾದ್ರ, ಜಕ್ಕಲ್ಯಾಗ ನಾ ಕಟ್ಟಿದ ಮನಿ ಬಾಯಿ ಬಿಟ್ಟೈತ್ರಿ. ಗಜೇಂದ್ರಗಡದಾಗಿಂದೂ ಒಂದು. ಮಾಲಕರು ಲಗೂ ಆಗಲಿ ಅಂದ್ರು, ಎರಡ ಫೂಟಿಗೆ ಬಿಟ್ಟೆ."

"ನನಗ ಗೊತ್ತಿಲ್ಲ ಅಂತ ತಿಳದಿಯೇನು?" ಎಂದರು ಗನಿಸಾಬರು. ನಿಜವಾಗಿ ಅವರಿಗೆ ಗೊತ್ತಿರಲಿಲ್ಲ.

"ಬಂದ ಕೇಳಬೇಕಂತಿದ್ದೆ. ನೀವು ಮಕಾ ಕೊಡಲಿಲ್ಲ. ನನಗೂ ನಾಚಿಕಿ." ಅವನು ಹಾರಿಯ ತುದಿಯಿಂದ ಮಣ್ಣು ಕೆದಕಿದ. "ನೀವು ಏರೂದ ಬ್ಯಾಡ್ರಿ. ಏರಾಕ ನಾವ ಅದೀವಿ. ನೀವು ಕುರ್ಚಿ ಹಾಕ್ಕೊಂಡ ಕುಂದರ್ರಿ, ನೀವು ಹೂಂ ಅಂದ ಮ್ಯಾಲ ನಾ ಕಲ್ಲ ಇಡ್ತೀನಿ. ಈ ಕೋಣಿಗೆ ಅಷ್ಟ ಅಲ್ರಿ. ಇನ್ನ ಮುಂದ ಎಲ್ಲಾದಕ್ಕೂ."

ಗನಿಸಾಬರು ಬೇವಿನ ಮರದ ಕಡೆ ತಿರುಗಿದರು. ಕಣ್ಣಿಗೆ ಧೂಳು ಬಿತ್ತೆಂದು ಟವೆಲಿನಿಂದ ಒರೆಸಿಕೊಂಡರು. ಬಿದ್ದ ದಿನದಿಂದ ಅವರನ್ನು ನೋಡಲು ಬಂದವರೆಲ್ಲ ಕಾಲಿನ ವಿಷಯ ಕೇಳಿದ್ದರು. ಟೀಚರನ್ನು ಬಿಟ್ಟರೆ ಕೆಲಸದ ವಿಷಯ ಕೇಳಿದವನು ಇವನೊಬ್ಬನೇ, ಅವನಿಗೇ ತಾವು ಮುಖ ತಿರುಗಿಸಿ ಕೂತಿದ್ದರು.

"ಮೊದಲ ಇದನ್ನ ಒಡಿಯೂದ ಬಿಡು," ಎಂದರು ಕೊನೆಗೆ. "ಮ್ಯಾಲಿಂದಷ್ಟ ತಗದ ಸಪಾಟ ಮಾಡು. ಕೋಣಿ ಮೂಲಿ ಇದರ ಮ್ಯಾಲ ಬರ್ಲಿ. ಇದಕ್ಕಿಂತಾ ಚಲೋ ಪಾಯ ನಿನಗ ಎಲ್ಲಿ ಸಿಗತೈತಿ?"

"ನಿಮ್ಮ ಸ್ಟ್ಯಾಂಡ ಮುಚ್ಚಿ ಹೋಗತೈತ್ರಿ."

"ಹೋಗ್ಲಿ ಬಿಡೋ. ಮ್ಯಾಲ ಹುಡುಗೂರು ಕುಂದರ್ತಾರ."

ಮಾಲಾ ಟೀಚರು ಸುದ್ದಿ ಕೇಳಿ ಆಫೀಸಿನ ಕುರ್ಚಿಯನ್ನೇ ಹೊರಿಸಿ ಕಳಿಸಿದರು. ಉಳಿದ ಮೂರು ಮೂಲೆಗಳ ಪಾಯ ಅಗೆಯಲು ನಾಲ್ಕು ದಿನ ಹಿಡಿಯಿತು. ಐದನೆಯ ದಿನ ದುರಗಪ್ಪ ಕಲ್ಲು ತರಿಸಿ ಬದಿಗೆ ಪೇರಿಸಿದ, ಆದರೆ ಒಂದನ್ನೂ ಕೆಳಗೆ ಬಿಡಲಿಲ್ಲ. ಗುಂಡಿಗೆ ಇಳಿದು ಎರಡೂ ಕೈ ಮೇಲೆ ಚಾಚಿದ. ಗನಿಸಾಬರು ಅವನ ಹೆಗಲು ಹಿಡಿದು, ಗಿಡ್ಡ ಕಾಲನ್ನು ಮೊದಲು ಇಳಿಸಿ, ಮೆಲ್ಲಗೆ ಪಾಯದೊಳಗೆ ನಿಂತರು. ಎರಡು ವರ್ಷದ ಮೇಲೆ ಅವರು ಮತ್ತೆ ಸೊಂಟದ ತನಕ ನೆಲದೊಳಗಿದ್ದರು. ಬಲಗಾಲಿನ ಹಿಮ್ಮಡಿಯಿಂದ ಮೂರು ಸಲ ನೆಲವನ್ನು ಗುದ್ದಿ ಸದ್ದು ಆಲಿಸಿದರು. ಕೂಲಿಯವರು ಉಸಿರು ಹಿಡಿದು ನೋಡುತ್ತಿದ್ದರು, ಅವರ ರಟ್ಟೆಗಳು ಆಗಲೇ ಸೋತಿದ್ದವು.

"ಇನ್ನೂ ಎರಿನ ಐತಿ," ಎಂದರು ಗನಿಸಾಬರು. "ತಗೀರಿ."

ಕೂಲಿಯವರು ಕೇಳುವಂತೆಯೇ ಬೈದುಕೊಂಡರು. ದುರಗಪ್ಪ ತಾನೇ ಸಲಿಕೆ ಎತ್ತಿಕೊಂಡ.